ಸ್ಪ್ಯಾಮ್ ಬಟನ್ ಒತ್ತುವ ಮುಂಚೆ

ಇನ್‌ಬಾಕ್ಸಿಗೆ ಕಸ ಬಂದು ಬೀಳುವುದು ಒಂದು ಗೋಳು, ಬೇಕಾದ ಮೇಲ್ ಸ್ಪ್ಯಾಮ್‌ನಲ್ಲಿ ಹೂತುಹೋಗುವುದು ಇನ್ನೊಂದು ಗೋಳು. ಇವೆರಡಕ್ಕೂ ಬಹಳ ಸಲ ಮೂಲ ಒಂದೇ: ಬೇಡವಾದದ್ದಕ್ಕೆಲ್ಲ ಒಂದೇ ಬಟನ್ ಒತ್ತುವ ಅಭ್ಯಾಸ.

ಆನ್‌ಲೈನ್ ಅಂಗಡಿಯೊಂದು ದಿನಕ್ಕೆರಡು ಆಫರ್ ಕಳಿಸುತ್ತದೆ ಅಂತಿಟ್ಟುಕೊಳ್ಳಿ. ಬೇಸತ್ತು ‘ರಿಪೋರ್ಟ್ ಸ್ಪ್ಯಾಮ್’ ಒತ್ತುತ್ತೀರಿ. ಆ ಅಂಗಡಿಯ ಆಫರ್, ಬಿಲ್, ರಿಟರ್ನ್ ಪಿಕಪ್ ಸೂಚನೆ, ಲಾಗಿನ್ ಓಟಿಪಿ ಎಲ್ಲವೂ ಒಂದೇ ಡೊಮೈನಿನಿಂದ (ವಿಳಾಸದಲ್ಲಿ ‘ಅಟ್’ ಚಿಹ್ನೆಯ ಆಚೆಗಿನ ಭಾಗ) ಹೊರಡುವುದು ಮಾಮೂಲು. ನೀವು ದೂರಿದ್ದು ಆಫರಿನ ಮೇಲೆ, ಆದರೆ ಸ್ಪ್ಯಾಮ್ ಫಿಲ್ಟರ್ (ಕಸವನ್ನು ತಾನಾಗಿ ಬೇರ್ಪಡಿಸುವ ಜರಡಿ) ಕಲಿಯುವುದು ಕಳಿಸಿದವರ ಬಗ್ಗೆ. ತಿಂಗಳಾದ ಮೇಲೆ ‘ಓಟಿಪಿ ಬರ್ತಾನೇ ಇಲ್ಲ’ ಅಂತ ಕಸ್ಟಮರ್ ಕೇರಿಗೆ ಫೋನು. ಓಟಿಪಿ ಬಂದಿರುತ್ತದೆ, ನೀವೇ ತೋರಿಸಿದ ಜಾಗದಲ್ಲಿ ಕೂತಿರುತ್ತದೆ.

ಇಲ್ಲಿ ಹೆಚ್ಚಾಗಿ ಜಿಮೇಲ್ ಇಟ್ಟುಕೊಂಡೇ ಬರೆಯುತ್ತೇನೆ. ಬಟನ್‌ಗಳನ್ನು ಮೊದಲು ಬೇರೆ ಮಾಡಿಕೊಳ್ಳೋಣ.

ನೀವೇ ಯಾವತ್ತೋ ವಿಳಾಸ ಕೊಟ್ಟ ಕಂಪನಿಯ ಮೇಲ್ ಆದರೆ ‘ಅನ್‌ಸಬ್‌ಸ್ಕ್ರೈಬ್’. ಮೇಲ್‌ನ ಬುಡದಲ್ಲಿ ಬೂದುಬಣ್ಣದ ಸಣ್ಣ ಅಕ್ಷರದಲ್ಲಿ ಅಡಗಿರುವ ಲಿಂಕ್ ಅಲ್ಲ, ಕಳಿಸಿದವರ ಹೆಸರಿನ ಪಕ್ಕದಲ್ಲೇ ಜಿಮೇಲ್ ತೋರಿಸುತ್ತದಲ್ಲ, ಅದು. ಬುಡದ ಲಿಂಕ್ ನಿಮ್ಮನ್ನು ಅವರ ವೆಬ್‌ಸೈಟಿಗೆ ಎಳೆದೊಯ್ದು ‘ಯಾಕೆ ಬಿಡ್ತಿದ್ದೀರಿ’ ಎಂಬ ಪ್ರಶ್ನಾವಳಿ ಮುಂದಿಡುತ್ತದೆ. ಹೆಸರಿನ ಪಕ್ಕದ್ದು ಮೇಲ್‌ನ ಹೆಡರಿನಲ್ಲಿ (ಓದುವವರಿಗೆ ಕಾಣದ ತಲೆಭಾಗದಲ್ಲಿ) ಇರುವ ಸೂಚನೆಯನ್ನು ಬಳಸಿ ಸಾಮಾನ್ಯವಾಗಿ ಒಂದೇ ಒತ್ತಿಗೆ ಮುಗಿಸುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ನಿಯಮ ಬಿಗಿ ಮಾಡಿದೆ: ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿನ ಅನ್‌ಸಬ್‌ಸ್ಕ್ರೈಬ್ ಇಡಬೇಕು, ಕೋರಿಕೆಯನ್ನು ಎರಡು ದಿನದೊಳಗೆ ನಡೆಸಿಕೊಡಬೇಕು, ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ರ ಕೆಳಗಿರಬೇಕು. ಯಾಹೂ ಕೂಡ ಅದೇ ಹೊತ್ತಿಗೆ ಇಂಥದೇ ನಿಯಮ ತಂದಿತು. ಹಾಗಾಗಿ ‘ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಇನ್ನೂ ಜಾಸ್ತಿ ಬರುತ್ತೆ’ ಎಂಬ ಹಳೆಯ ಭಯವನ್ನು ದೊಡ್ಡ ಕಂಪನಿಗಳ ಮಟ್ಟಿಗೆ ಬಿಡಬಹುದು.

ಎಡಬದಿಯ ಮೆನುವಿನಲ್ಲಿ ‘ಮೋರ್’ ತೆರೆದರೆ ‘ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್’ ಸಿಗುತ್ತದೆ, 2025ರಲ್ಲಿ ಬಂದ ಸೌಲಭ್ಯ. ಪದೇಪದೇ ಕಳಿಸುವವರು ಪಟ್ಟಿಯ ತಲೆಯ ಮೇಲೇ ಇರುತ್ತಾರೆ. ಮೇಲಿನ ಹತ್ತು ಮಂದಿಯನ್ನು ಬಿಡಿಸಿಕೊಂಡರೆ ಇನ್‌ಬಾಕ್ಸಿನ ಹೊರೆ ಎದ್ದು ಕಾಣುವಷ್ಟು ಇಳಿಯುತ್ತದೆ. ಪಟ್ಟಿಯ ಕೊನೆಯವರೆಗೂ ಹೋಗುವ ಹಟ ಬೇಡ, ವರ್ಷಕ್ಕೊಂದು ಮೇಲ್ ಕಳಿಸುವವರಿಂದ ಯಾರಿಗೂ ತೊಂದರೆಯಿಲ್ಲ. ಬಿಡಿಸಿಕೊಂಡು ವಾರವಾದರೂ ಆಫರ್ ನಿಲ್ಲದಿದ್ದರೆ ಆಗ ಧಾರಾಳವಾಗಿ ಸ್ಪ್ಯಾಮ್ ಒತ್ತಿ, ಅದು ಅವರಿಗೆ ಸಲ್ಲಬೇಕಾದದ್ದೇ.

‘ರಿಪೋರ್ಟ್ ಸ್ಪ್ಯಾಮ್’ ಇರುವುದು ನೀವು ವಿಳಾಸವನ್ನೇ ಕೊಡದವರಿಗೆ: ಸಾಲ ಕೊಡುತ್ತೇವೆ, ನಿಮ್ಮ ವೆಬ್‌ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಎನ್ನುವ ಬಳಗಕ್ಕೆ. ಇವರ ಮೇಲ್‌ನೊಳಗಿನ ಅನ್‌ಸಬ್‌ಸ್ಕ್ರೈಬ್ ಲಿಂಕನ್ನು ಮುಟ್ಟಬೇಡಿ. ವಿಳಾಸದಲ್ಲಿ ಜೀವವಿದೆ ಎಂದು ಅವರಿಗೆ ತಿಳಿಯುತ್ತದೆ, ಲಿಂಕ್ ಎಲ್ಲಿಗೆ ಒಯ್ಯುತ್ತದೆ ಎಂಬುದೂ ಗೊತ್ತಿರುವುದಿಲ್ಲ. ಬ್ಯಾಂಕು, ಆದಾಯ ತೆರಿಗೆ ಇಲಾಖೆ, ಕೊರಿಯರ್ ಕಂಪನಿ ಎಂದು ಸೋಗು ಹಾಕಿ ಬಂದದ್ದಾದರೆ ಮೂರು ಚುಕ್ಕೆಯ ಮೆನುವಿನಲ್ಲಿ ‘ರಿಪೋರ್ಟ್ ಫಿಶಿಂಗ್’ ಬೇರೆಯೇ ಇದೆ. ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ಈ ಯಾವ ಬಟನ್ನೂ ಸಾಲದು, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

‘ಬ್ಲಾಕ್’ ಬಗ್ಗೆ ತಪ್ಪು ಕಲ್ಪನೆ ಬಹಳ. ಬ್ಲಾಕ್ ಮಾಡಿದರೆ ಮೇಲ್ ಬರುವುದು ನಿಲ್ಲುವುದಿಲ್ಲ, ನೇರ ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತದೆ ಅಷ್ಟೆ. ವಂಚಕರು ದಿನಕ್ಕೊಂದು ವಿಳಾಸ ಬದಲಿಸುವುದರಿಂದ ಅವರ ಮೇಲೆ ಇದು ವ್ಯರ್ಥ. ಒಂದೇ ವಿಳಾಸದಿಂದ ಕಾಡುವ ಪರಿಚಿತರಿಗೆ ಸರಿಯಾದ ಮದ್ದು. ಇನ್ನು ‘ಡಿಲೀಟ್’ ಅಂದರೆ ಮೇಲ್ ಕಸದಬುಟ್ಟಿಗೆ ಹೋಗುತ್ತದೆ, ನಾಳೆ ಅಂಥದೇ ಇನ್ನೊಂದು ಬರುತ್ತದೆ.

ಇದ್ಯಾವುದಕ್ಕೂ ಸೇರದ ಜಾತಿ ಒಂದಿದೆ: ಬೇರೆಯವರಿಗೆ ಬರಬೇಕಾದ ಮೇಲ್. ಮಂಜುನಾಥ, ರಮೇಶ, ಲಕ್ಷ್ಮಿ ಎಂಬ ಹೆಸರಿನ ಜಿಮೇಲ್ ಇದ್ದವರಿಗೆ ಇದು ಚೆನ್ನಾಗಿ ಗೊತ್ತು. ಯಾರದೋ ವಿಮೆಯ ಕಂತು, ಯಾರದೋ ಮೊಬೈಲ್ ಬಿಲ್, ಯಾರದೋ ಮಗುವಿನ ಶಾಲೆಯ ಸೂಚನೆ. ಜಿಮೇಲ್ ವಿಳಾಸದೊಳಗಿನ ಚುಕ್ಕೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆಸರಿನ ನಡುವೆ ಚುಕ್ಕೆ ಇಟ್ಟರೂ ಬಿಟ್ಟರೂ ಖಾತೆ ಒಂದೇ. ಅಂಗಡಿಯಲ್ಲೋ ಏಜೆಂಟರ ಬಳಿಯೋ ಬಾಯಲ್ಲಿ ಹೇಳಿದ ವಿಳಾಸವನ್ನು ಪರೀಕ್ಷಿಸದೆ ಬರೆದುಕೊಂಡರೆ ಹೀಗೇ ಆಗುವುದು. ಇದನ್ನು ಸ್ಪ್ಯಾಮ್ ಎಂದು ದೂರಬೇಡಿ, ನಾಳೆ ಅದೇ ವಿಮಾ ಕಂಪನಿಯ ಪಾಲಿಸಿ ನೀವೂ ಮಾಡಿಸಬಹುದು. ‘ಈ ವಿಳಾಸ ನಿಮ್ಮ ಗ್ರಾಹಕರದ್ದಲ್ಲ’ ಎಂದು ಒಂದು ಸಾಲು ಕಂಪನಿಗೆ ಬರೆದು, ಅಷ್ಟಕ್ಕೂ ನಿಲ್ಲದಿದ್ದರೆ ಕಂಪನಿಯ ವಿಳಾಸಕ್ಕೆ ಫಿಲ್ಟರ್ (ಇದು ನೀವೇ ಬರೆದಿಡುವ ವಿಂಗಡಣೆಯ ನಿಯಮ) ಹಾಕಿ ಬೇರೆ ಲೇಬಲ್‌ಗೆ ತಳ್ಳಿ.

ಕಸ ಹುಟ್ಟುವ ಕಡೆಯೇ ಕಡಿಮೆ ಮಾಡಬೇಕೆಂದರೆ ವಿಳಾಸ ಕೊಡುವಾಗಲೇ ಎಚ್ಚರ ಬೇಕು. ಜಿಮೇಲ್‌ನಲ್ಲಿ ನಿಮ್ಮ ಹೆಸರಾದ ಮೇಲೆ, ‘ಅಟ್’ ಚಿಹ್ನೆಗೆ ಮುಂಚೆ, ಕೂಡಿಸುವ ಚಿಹ್ನೆ ಹಾಕಿ ಯಾವ ಪದವನ್ನಾದರೂ ಸೇರಿಸಬಹುದು. ಚಪ್ಪಲಿ ಅಂಗಡಿಗೆ ಹೆಸರು+ಚಪ್ಪಲಿ (ಇಂಗ್ಲಿಷ್ ಅಕ್ಷರಗಳಲ್ಲಿ) ಎಂದು ಕೊಟ್ಟರೂ ಮೇಲ್ ನಿಮಗೇ ಬರುತ್ತದೆ. ಮುಂದೆ ಆ ವಿಳಾಸಕ್ಕೆ ನಿವೇಶನ ಮಾರುವವರ ಮೇಲ್ ಬಂದರೆ ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುತ್ತದೆ, ಆ ವಿಳಾಸಕ್ಕೆ ಬಂದದ್ದನ್ನೆಲ್ಲ ಒಂದೇ ಫಿಲ್ಟರಿನಲ್ಲಿ ಪಕ್ಕಕ್ಕೆ ಸರಿಸಬಹುದು. ತೊಡಕು ಎರಡು. ಹಲವು ಫಾರ್ಮ್‌ಗಳು ಕೂಡಿಸುವ ಚಿಹ್ನೆಯನ್ನು ಒಪ್ಪುವುದಿಲ್ಲ. ಒಪ್ಪಿದರೂ, ಲಾಗಿನ್ ಆಗುವಾಗ ಅದೇ ರೂಪ ಬರೆಯಬೇಕಾಗುತ್ತದೆ. ಆದ್ದರಿಂದ ಬ್ಯಾಂಕು, ಪಿಎಫ್, ಪರೀಕ್ಷೆಯ ಅರ್ಜಿಗಳಿಗೆ ಈ ಜಾಣತನ ಬೇಡ. ಬಿಲ್ ಕೌಂಟರಿನಲ್ಲಿ ಕೇಳುವ ‘ಇಮೇಲ್ ಐಡಿ ಸರ್’ಗೆ, ಉಚಿತ ವೈಫೈಗೆ, ಕೂಪನ್ನಿಗೆ ಎರಡನೆಯದೊಂದು ಖಾತೆ ಇಟ್ಟುಕೊಳ್ಳುವುದೇ ಸಲೀಸು. ವಿಳಾಸವನ್ನೇ ಮರೆಮಾಚಬೇಕೆಂದರೆ ಆಪಲ್‌ನ ‘ಹೈಡ್ ಮೈ ಇಮೇಲ್’, ಫೈರ್‌ಫಾಕ್ಸ್ ರಿಲೇ ಇವೆ.

ಎಸ್‌ಎಂಎಸ್ ಮತ್ತು ಕರೆಗಳಿಗೆ 1909 ಸಂಖ್ಯೆಯ ಡಿಎನ್‌ಡಿ (ಬೇಡದ ಪ್ರಚಾರ ತಡೆಯುವ ನೋಂದಣಿ) ಇದ್ದಂತೆ ಇಮೇಲ್‌ಗೆ ನಮ್ಮಲ್ಲಿ ನೋಂದಣಿಯಿಲ್ಲ. ಕಿರಿಕಿರಿ ಮಾಡುವ ಇಮೇಲನ್ನೂ ಅಪರಾಧದ ಪಟ್ಟಿಗೆ ಸೇರಿಸಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಹೆಸರು ತೆಗೆಸಲು ನೋಂದಣಿಯೇ ಇಲ್ಲದ ಮೇಲೆ ‘ಎಲ್ಲ ಸ್ಪ್ಯಾಮ್ ಪಟ್ಟಿಗಳಿಂದ ನಿಮ್ಮ ಹೆಸರು ತೆಗೆಯುತ್ತೇವೆ, ವಿಳಾಸ ಕೊಡಿ’ ಎನ್ನುವ ಸೈಟುಗಳನ್ನು ನಂಬಬೇಡಿ.

ಈಗ ಕಳೆದುಹೋದ ಮೇಲ್ ಹುಡುಕುವ ಕೆಲಸ. ‘ಕಳಿಸಿದ್ದೀವಿ’ ಅಂತ ಅವರು, ‘ಬಂದಿಲ್ಲ’ ಅಂತ ನೀವು. ಜಿಮೇಲ್‌ನ ಸಾಮಾನ್ಯ ಹುಡುಕಾಟ ಸ್ಪ್ಯಾಮನ್ನೂ ಟ್ರ್ಯಾಶನ್ನೂ ನೋಡುವುದೇ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹುಡುಕುವ ಪದದ ಹಿಂದೆ ಇಂಗ್ಲಿಷಿನಲ್ಲಿ ‘ಇನ್’, ಆಮೇಲೆ ಕೋಲನ್, ಆಮೇಲೆ ‘ಎನಿವೇರ್’ ಎಂದು ನಡುವೆ ಜಾಗ ಬಿಡದೆ ಬರೆದರೆ ಎಲ್ಲ ಫೋಲ್ಡರುಗಳಲ್ಲೂ ಹುಡುಕುತ್ತದೆ. ‘ಎನಿವೇರ್’ ಬದಲು ‘ಸ್ಪ್ಯಾಮ್’ ಹಾಕಿದರೆ ಸ್ಪ್ಯಾಮ್ ಒಂದರಲ್ಲೇ. ಫೋಲ್ಡರನ್ನು ಪೂರ್ತಿ ಕಣ್ಣಾಡಿಸುವ ಬದಲು ಇಂಟರ್‌ವ್ಯೂ, ಅಡ್ಮಿಷನ್, ಇನ್‌ವಾಯ್ಸ್, ನಿಮ್ಮ ಊರಿನ ಹೆಸರು, ನಿಮ್ಮ ಮನೆಹೆಸರು ಇಂಥವನ್ನು ಹಾಕಿ ಹುಡುಕುವುದು ಬೇಗ ಮುಗಿಯುತ್ತದೆ. ಸ್ಪ್ಯಾಮ್‌ನಲ್ಲಿ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಇಣುಕಿದರೆ ಸಾಕು. ಕೆಲಸಕ್ಕೋ ಸೀಟಿಗೋ ಅರ್ಜಿ ಹಾಕಿ ಕಾಯುತ್ತಿರುವವರು ಮಾತ್ರ ದಿನಾ ನೋಡಲೇಬೇಕು.

ಸ್ಪ್ಯಾಮ್‌ನಲ್ಲಿ ಇಲ್ಲವೇ? ‘ಪ್ರೊಮೋಷನ್ಸ್’ ಮತ್ತು ‘ಅಪ್‌ಡೇಟ್ಸ್’ ಟ್ಯಾಬ್ ನೋಡಿ. ಕಳೆದುಹೋಯಿತು ಎಂದು ದೂರುವ ಎಷ್ಟೋ ಮೇಲ್ ಅಲ್ಲೇ ಇರುತ್ತದೆ. ಹಿಡಿದು ‘ಪ್ರೈಮರಿ’ಗೆ ಎಳೆದು ಬಿಟ್ಟರೆ, ಮುಂದೆಯೂ ಹೀಗೇ ಮಾಡಲೇ ಎಂದು ಕೇಳುತ್ತದೆ, ಹೂಂ ಅನ್ನಿ. ಆಮೇಲೆ ಸೆಟ್ಟಿಂಗ್ಸ್‌ನ ‘ಫಿಲ್ಟರ್ಸ್ ಅಂಡ್ ಬ್ಲಾಕ್ಡ್ ಅಡ್ರೆಸಸ್’ ತೆರೆದು ನೋಡಿ: ಎಂದೋ ಸಿಟ್ಟಿನಲ್ಲಿ ಬರೆದ ‘ಡಿಲೀಟ್ ಮಾಡು’ ಫಿಲ್ಟರ್ ಇನ್ನೂ ದುಡಿಯುತ್ತಿರಬಹುದು. ಪಕ್ಕದ ‘ಫಾರ್ವರ್ಡಿಂಗ್’ ಪುಟದಲ್ಲಿ ನೀವು ಹಾಕದ ವಿಳಾಸವೇನಾದರೂ ಕಂಡರೆ ಅದು ಬೇರೆಯೇ ಕಥೆ, ಖಾತೆಗೆ ಯಾರೋ ನುಗ್ಗಿರಬಹುದು, ಮೊದಲು ಪಾಸ್‌ವರ್ಡ್ ಬದಲಿಸಿ. ಜಾಗವೂ ಒಂದು ಕಾರಣ. ಉಚಿತ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಫೋನಿನ ವಿಡಿಯೋಗಳಿಂದ ಅದು ತುಂಬಿದರೆ ಮೇಲ್ ಬರುವುದೇ ನಿಂತು, ಕಳಿಸಿದವರಿಗೆ ವಾಪಸ್ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಫಾರ್ವರ್ಡಿಂಗ್‌ನಲ್ಲಿ. ಹಳೆಯ ಜಿಮೇಲ್‌ಗೆ ಬಂದದ್ದು ಹೊಸದಕ್ಕೆ ತಾನಾಗಿ ಹೋಗಲಿ ಎಂದು ವ್ಯವಸ್ಥೆ ಮಾಡಿ, ಹಳೆಯದನ್ನು ತೆರೆಯುವುದನ್ನೇ ಬಿಡುತ್ತಾರೆ. ಸ್ಪ್ಯಾಮ್ ಎಂದು ಗುರುತಾದದ್ದನ್ನು ಜಿಮೇಲ್ ಫಾರ್ವರ್ಡ್ ಮಾಡುವುದಿಲ್ಲ. ಪಾಪ್ ಎಂಬ ವಿಧಾನದಲ್ಲಿ ಕಂಪ್ಯೂಟರಿನ ಮೇಲ್ ತಂತ್ರಾಂಶಕ್ಕೆ ಮೇಲ್ ಇಳಿಸಿಕೊಳ್ಳುವವರಿಗೂ ಅಷ್ಟೆ, ಸ್ಪ್ಯಾಮ್ ಫೋಲ್ಡರ್ ಇಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಆ ಫೋಲ್ಡರೇ ಕಾಣದಿದ್ದಾಗ ತಪ್ಪಾಗಿ ಸಿಕ್ಕಿಬಿದ್ದದ್ದೂ ಕಾಣುವುದಿಲ್ಲ. ಹೀಗಿರುವವರು ಹಳೆಯ ಖಾತೆಯಲ್ಲಿ ಎಲ್ಲ ಮೇಲ್‌ಗೂ ಹೊಂದುವ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಫಿಲ್ಟರ್ ಹಾಕಿಕೊಳ್ಳುವುದುಂಟು. ಹಾಗೆ ಮಾಡಿದರೆ ಕಸವೆಲ್ಲ ನದಿಯಾಗಿ ಹೊಸದಕ್ಕೆ ಹರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ಬ್ರೌಸರಿನಲ್ಲಿ ತೆರೆದು ನೋಡುವುದೇ ವಾಸಿ.

ಸ್ಪ್ಯಾಮ್‌ನಲ್ಲಿ ಸಿಕ್ಕಿತೆನ್ನಿ. ತೆರೆದರೆ ಮೇಲೆ ಒಂದು ಪಟ್ಟಿಯಲ್ಲಿ ಅದು ಯಾಕೆ ಅಲ್ಲಿದೆ ಎಂಬ ಕಾರಣ ಬರೆದಿರುತ್ತದೆ. ಈ ಕಳಿಸುವವರನ್ನು ನೀವೇ ದೂರಿದ್ದಿರಿ, ಹಿಂದೆ ಸಿಕ್ಕ ಸ್ಪ್ಯಾಮ್‌ಗಳಂತೆಯೇ ಇದೆ, ನಿಜವಾಗಿ ಅಲ್ಲಿಂದಲೇ ಬಂದಿದೆಯೆಂದು ಖಚಿತವಾಗಲಿಲ್ಲ, ಹೀಗೆ. ಕನ್ನಡಿಗರು ಗಮನಿಸಬೇಕಾದ ಒಂದು ಕಾರಣವೂ ಇದರಲ್ಲಿದೆ: ‘ನಿಮ್ಮ ಮೇಲ್‌ಗಳು ಸಾಮಾನ್ಯವಾಗಿ ಇರುವ ಭಾಷೆಗಿಂತ ಬೇರೆ ಭಾಷೆಯಲ್ಲಿದೆ’ ಎಂದು. ವರ್ಷವೆಲ್ಲ ಇಂಗ್ಲಿಷಿನಲ್ಲೇ ಮೇಲ್ ನಡೆಸುವವರಿಗೆ ಊರಿನಿಂದ ಅಪರೂಪಕ್ಕೆ ಬಂದ ಕನ್ನಡದ ಆಮಂತ್ರಣ ಹೀಗೆ ಸಿಕ್ಕಿಬೀಳಬಹುದು. ಅದನ್ನು ‘ನಾಟ್ ಸ್ಪ್ಯಾಮ್’ ಒತ್ತಿ ಹೊರತೆಗೆದು ಕನ್ನಡದಲ್ಲೇ ಒಂದು ಸಾಲು ಉತ್ತರ ಬರೆಯಿರಿ, ಉತ್ತರಿಸುವುದೂ ಫಿಲ್ಟರಿಗೆ ಒಂದು ಸುಳಿವು.

ಆದರೆ ‘ನಾಟ್ ಸ್ಪ್ಯಾಮ್’ ಒತ್ತುವ ಮುಂಚೆ ನಿಜವೋ ಸುಳ್ಳೋ ನೋಡಿ. ಸ್ಪ್ಯಾಮ್ ಫೋಲ್ಡರಿನೊಳಗೆ ಚಿತ್ರಗಳು ಕಾಣಿಸದಂತೆ ಜಿಮೇಲ್ ತಡೆದಿರುತ್ತದೆ, ಹೊರತೆಗೆದ ಕೂಡಲೇ ಆ ರಕ್ಷಣೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಮೂರು ಚುಕ್ಕೆ, ಅದರಲ್ಲಿ ‘ಶೋ ಒರಿಜಿನಲ್’. ಮೇಲ್ಭಾಗದ ಕೋಷ್ಟಕದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ಆ ಡೊಮೈನಿನದ್ದೇ ಎಂದು ನೋಡುವ ಮೂರು ಪರೀಕ್ಷೆಗಳು) ಎಂಬ ಸಾಲುಗಳ ಮುಂದೆ ‘ಪಾಸ್’ ಇರಬೇಕು. ಮೂರೂ ಪಾಸ್ ಆದರೂ ಅದರ ಪಕ್ಕದ ಡೊಮೈನ್ ಹೆಸರು ಓದಲೇಬೇಕು, ಯಾಕೆಂದರೆ ವಂಚಕ ತನ್ನದೇ ಡೊಮೈನ್ ಕೊಂಡು ಎಲ್ಲವನ್ನೂ ಸರಿಯಾಗಿ ಜೋಡಿಸಿಕೊಂಡರೆ ಅವನಿಗೂ ಪಾಸ್ ಸಿಗುತ್ತದೆ. ಡೊಮೈನನ್ನು ಬಲದಿಂದ ಎಡಕ್ಕೆ ಓದಿ. ಕೊನೆಯಲ್ಲಿ ‘ಡಾಟ್ ಗವ್ ಡಾಟ್ ಇನ್’ ಇದ್ದರೆ ಸರ್ಕಾರದ್ದು. ‘ಗವ್ ಡಾಟ್ ಇನ್’ ನಡುವೆ ಬಂದು, ಕೊನೆಯಲ್ಲಿ ಮತ್ತೇನೋ ‘ಡಾಟ್ ಕಾಮ್’ ಇದ್ದರೆ ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಮತ್ತೆ ಮತ್ತೆ ಸಿಕ್ಕಿಬೀಳುವ ಕಳಿಸುವವರಿಗೆ ಫಿಲ್ಟರ್ ಬೇಕು. ಜಿಮೇಲ್ ಆ್ಯಪಿನಲ್ಲಿ ಫಿಲ್ಟರ್ ಬರೆಯಲಾಗದು, ಕಂಪ್ಯೂಟರ್ ಬೇಕು. ಹುಡುಕುವ ಪಟ್ಟಿಯ ಬಲತುದಿಯ ಗುರುತು ಒತ್ತಿ, ‘ಫ್ರಮ್’ ಜಾಗದಲ್ಲಿ ಪೂರ್ತಿ ವಿಳಾಸ ಅಥವಾ ಅಟ್ ಚಿಹ್ನೆ ಸಹಿತ ಡೊಮೈನ್ ಬರೆದು, ‘ಕ್ರಿಯೇಟ್ ಫಿಲ್ಟರ್’, ಮುಂದಿನ ಪುಟದಲ್ಲಿ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ಗೆ ಟಿಕ್. ಅಲ್ಲಿ ಬರೀ ಬ್ಯಾಂಕಿನ ಹೆಸರು ಬರೆಯುವುದು ಅಪಾಯ. ಜಿಮೇಲ್ ಕಳಿಸಿದವರ ತೋರಿಕೆಯ ಹೆಸರನ್ನೂ ಹೊಂದಿಸಿ ನೋಡುತ್ತದೆ, ಆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ವಂಚಕನಿಗೆ ನೀವೇ ಬಾಗಿಲು ತೆರೆದಂತಾಗುತ್ತದೆ. ಹಾಕಿದ ಫಿಲ್ಟರ್ ಈಗಾಗಲೇ ಸ್ಪ್ಯಾಮ್‌ನಲ್ಲಿರುವುದನ್ನು ಹೊರತೆಗೆಯುವುದಿಲ್ಲ, ಅದನ್ನು ಕೈಯಾರೆ ತೆಗೆಯಬೇಕು.

ಹಳೆಯ ಫಿಲ್ಟರುಗಳನ್ನು ಈಗ ಒಮ್ಮೆ ನೋಡಿಕೊಳ್ಳಲು ಇನ್ನೊಂದು ಕಾರಣವಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಡೊಮೈನಿಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ವೆಬ್‌ಸೈಟಿನ ಜೊತೆ ನಿಮ್ಮ ಬ್ಯಾಂಕಿನ ಇಮೇಲ್ ವಿಳಾಸವೂ ಬದಲಾಗಿದ್ದರೆ, ಹಿಂದೆ ‘ಡಾಟ್ ಕಾಮ್’ಗೆ ಬರೆದಿಟ್ಟ ಫಿಲ್ಟರಿಗೆ ಅದು ಸಿಗುವುದಿಲ್ಲ. ಇತ್ತೀಚಿನ ಸ್ಟೇಟ್‌ಮೆಂಟ್ ಮೇಲ್ ತೆರೆದು ವಿಳಾಸ ನೋಡಿ ಹೊಸದನ್ನೂ ಸೇರಿಸಿ.

‘ಅನ್‌ಸಬ್‌ಸ್ಕ್ರೈಬ್ ಪದ ಇರುವುದನ್ನೆಲ್ಲ ಇನ್‌ಬಾಕ್ಸಿನಿಂದ ತೆಗೆ’ ಎಂಬ ಫಿಲ್ಟರನ್ನು ಬಹಳ ಜನ ಹೇಳಿಕೊಡುತ್ತಾರೆ. ಕಸ ಕಡಿಮೆಯಾಗುವುದು ನಿಜ. ಆದರೆ ಉದ್ಯೋಗ ಜಾಲತಾಣದ ಕರೆ, ಶಾಲೆಯ ಸುತ್ತೋಲೆ, ಟಿಕೆಟ್ ಇವುಗಳಲ್ಲೂ ಆ ಪದ ಇರಬಹುದು. ಹಾಕುವುದೇ ಆದರೆ ‘ಡಿಲೀಟ್’ ಬೇಡ. ‘ಸ್ಕಿಪ್ ದ ಇನ್‌ಬಾಕ್ಸ್’ ಜೊತೆಗೆ ಒಂದು ಲೇಬಲ್ ಕೊಡಿ, ‘ಡಸಂಟ್ ಹ್ಯಾವ್’ ಜಾಗದಲ್ಲಿ ಟಿಕೆಟ್, ಇನ್‌ವಾಯ್ಸ್, ಇಂಟರ್‌ವ್ಯೂ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ.

ಆಫೀಸಿನ ಮೈಕ್ರೋಸಾಫ್ಟ್ 365 ಮೇಲ್ ಆದರೆ ಜಂಕ್ ಫೋಲ್ಡರಿಗಿಂತ ಹಿಂದೆಯೇ ಇನ್ನೊಂದು ತಡೆಯಿದೆ, ಕ್ವಾರಂಟೈನ್. ಅಲ್ಲಿ ನಿಂತದ್ದು ಜಂಕ್‌ನಲ್ಲೂ ಕಾಣದು, ಹಾಗಾದಾಗ ಐಟಿ ವಿಭಾಗದವರನ್ನು ಕೇಳಿ. ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನ ಜಂಕ್ ಆಯ್ಕೆಗಳಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಟ್ಯಾಬಿನಲ್ಲಿ ಲಿಪಿಸಂಕೇತಗಳನ್ನು ತಡೆಯುವ ಪಟ್ಟಿಯಿದೆ. ಕನ್ನಡ ಹೋಗುವುದು ಯೂನಿಕೋಡಿನಲ್ಲಿ, ಅದನ್ನೇ ತಡೆದಿಟ್ಟಿದ್ದರೆ ಕನ್ನಡ ಮೇಲ್ ಜಂಕ್ ಸೇರುತ್ತದೆ. ಸ್ವಂತ ಡೊಮೈನ್ ಕೊಂಡು ಅಗ್ಗದ ಹೋಸ್ಟಿಂಗ್‌ನಲ್ಲಿ ಮೇಲ್ ಇಟ್ಟುಕೊಂಡ ಸಣ್ಣ ಉದ್ಯಮಗಳಲ್ಲಿ ಸಾಮಾನ್ಯವಾಗಿ ಸ್ಪ್ಯಾಮ್‌ಅಸಾಸಿನ್ ಎಂಬ ಸ್ಪ್ಯಾಮ್ ಫಿಲ್ಟರ್ ಇರುತ್ತದೆ. ಅದು ಅಂಕ ಕೊಡುತ್ತಾ ಹೋಗಿ 5 ದಾಟಿದ್ದನ್ನು ಸ್ಪ್ಯಾಮ್ ಅನ್ನುತ್ತದೆ. ಕಸ ಹೆಚ್ಚೆಂದು ಆ ಮಿತಿಯನ್ನು 2ಕ್ಕೆ ಇಳಿಸಿದರೆ ಗ್ರಾಹಕರ ವಿಚಾರಣೆಯೂ ಹೋಯಿತೆಂದೇ ಲೆಕ್ಕ. ಕಲಿಯುವ ಭಾಗ ಕೆಲಸ ಶುರುಮಾಡಲು ಅದಕ್ಕೆ ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಮೇಲ್ ತೋರಿಸಿರಬೇಕು. ಕಸವನ್ನಷ್ಟೇ ತೋರಿಸಿ ಫಲವಿಲ್ಲ.

ಕೊನೆಯದಾಗಿ ಕಳಿಸುವವರ ಪಾಡು. ಅಪಾರ್ಟ್‌ಮೆಂಟ್ ಸಂಘ, ಹಳೆಯ ವಿದ್ಯಾರ್ಥಿಗಳ ಬಳಗ, ಹೊರದೇಶದ ಕನ್ನಡ ಕೂಟ ಇವೆಲ್ಲ ಸಾಮಾನ್ಯವಾಗಿ ಕಾರ್ಯದರ್ಶಿಯ ಜಿಮೇಲ್‌ನಿಂದ ಬಿಸಿಸಿಯಲ್ಲಿ ಮುನ್ನೂರು ಹೆಸರು ಹಾಕಿ ಕಳಿಸುತ್ತವೆ. ಮೈಯಲ್ಲಿ ಒಂದಕ್ಷರವಿಲ್ಲ, ಆಮಂತ್ರಣದ ದೊಡ್ಡ ಚಿತ್ರ ಮಾತ್ರ. ಸ್ಪ್ಯಾಮ್‌ನ ಲಕ್ಷಣಗಳೆಲ್ಲ ಒಂದೇ ಕಡೆ ಕೂಡಿದಂತಾಯಿತು. ಉಚಿತ ಜಿಮೇಲ್‌ಗೆ ದಿನದ ಮಿತಿ 500, ಅದು ದಾಟಿದರೆ ಕಳಿಸುವುದೇ ತಾತ್ಕಾಲಿಕವಾಗಿ ಬಂದ್. ಗೂಗಲ್ ಗ್ರೂಪ್ಸ್ (ಒಂದು ವಿಳಾಸಕ್ಕೆ ಬರೆದರೆ ಇಡೀ ಗುಂಪಿಗೆ ತಲುಪಿಸುವ ಸೇವೆ) ಮಾಡಿ, ದಿನಾಂಕ, ಸಮಯ, ಸ್ಥಳವನ್ನು ಅಕ್ಷರದಲ್ಲಿ ಬರೆದು, ಚಿತ್ರವನ್ನು ಅದರ ಕೆಳಗಿಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಆ ಕಡೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ, ಪಡೆದವರೇ ಸ್ಪ್ಯಾಮ್ ಒತ್ತುತ್ತಾರೆ. ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಕಳಿಸಿ.

ಮೇಲ್ ಕಳಿಸುವ ಸೇವೆಯೊಂದಕ್ಕೆ ಸೇರಿ, ‘ಫ್ರಮ್’ನಲ್ಲಿ ಜಿಮೇಲ್ ಅಥವಾ ಯಾಹೂ ವಿಳಾಸ ಇಡುವುದು ಇನ್ನೊಂದು ತಪ್ಪು. ತನ್ನ ಸರ್ವರಿನಿಂದ ಹೊರಡದ ಮೇಲ್‌ನಲ್ಲಿ ತನ್ನ ಹೆಸರಿದ್ದರೆ ತಿರಸ್ಕರಿಸಿ ಎಂದು ಯಾಹೂ 2014ರಲ್ಲೇ ಘೋಷಿಸಿದೆ. ಜಿಮೇಲ್ ಹೆಸರಿನದ್ದೂ ಈಗ ಉಳಿಯುವುದಿಲ್ಲ. ಸ್ವಂತ ಡೊಮೈನ್ ಬೇಕು, ಅದರ ಡಿಎನ್‌ಎಸ್‌ನಲ್ಲಿ (ಡೊಮೈನಿನ ವಿವರ ಬರೆದಿಡುವ ಜಾಗ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆ ಬೇಕು. ಎಸ್‌ಪಿಎಫ್ ದಾಖಲೆ (ನಿಮ್ಮ ಹೆಸರಲ್ಲಿ ಕಳಿಸಲು ಒಪ್ಪಿಗೆಯಿರುವವರ ಪಟ್ಟಿ) ಒಂದು ಡೊಮೈನಿಗೆ ಒಂದೇ ಇರಬೇಕು. ಹೊಸ ಸೇವೆ ಸೇರಿದಾಗ ಎರಡನೆಯ ದಾಖಲೆ ಬರೆದರೆ ಎರಡೂ ಕೆಡುತ್ತವೆ, ಇದ್ದದ್ದರೊಳಗೇ ‘ಇನ್‌ಕ್ಲೂಡ್’ ಸೇರಿಸಬೇಕು. ಅದರ ಡಿಎನ್‌ಎಸ್ ಹುಡುಕಾಟಗಳು 10 ದಾಟಬಾರದು. ಡಿಕಿಮ್ ಎಂದರೆ ಮೇಲ್‌ಗೆ ಬೀಳುವ ಡಿಜಿಟಲ್ ಸಹಿ, ಅದರ ಕೀಲಿ 2048 ಬಿಟ್‌ನದಿರಲಿ. ಮೇಲ್ ಫಾರ್ವರ್ಡ್ ಆದಾಗ ಎಸ್‌ಪಿಎಫ್ ಮುರಿಯುವುದು ಸಹಜ, ಆಗ ಕಾಪಾಡುವುದು ಡಿಕಿಮ್ ಸಹಿ. ನಡುವಿನವರು ಅಡಿಟಿಪ್ಪಣಿ ಸೇರಿಸಿದರೆ ಅದೂ ಮುರಿಯುತ್ತದೆ. ಡಿಮಾರ್ಕನ್ನು (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂಬ ಸೂಚನೆ) ಮೊದಲು ‘ನನ್’ (ಏನೂ ಮಾಡಬೇಡ) ಎಂದು ಇಟ್ಟು, ಬರುವ ವರದಿಗಳಲ್ಲಿ ನಿಮ್ಮ ಎಲ್ಲ ಮೇಲ್ ಪಾಸ್ ಆಗುತ್ತಿದೆಯೆಂದು ಕಂಡ ಮೇಲೆ ‘ಕ್ವಾರಂಟೈನ್’ಗೆ (ಸ್ಪ್ಯಾಮ್‌ಗೆ ಹಾಕು) ಏರಿಸಿ. ಸದಸ್ಯರಿಗೆ ಕಳಿಸುವ ಮುಂಚೆ ಒಂದು ಜಿಮೇಲ್‌ಗೆ ಕಳಿಸಿ ‘ಶೋ ಒರಿಜಿನಲ್’ ತೆರೆದು ನೋಡಿ: ಎಸ್‌ಪಿಎಫ್ ‘ಸಾಫ್ಟ್‌ಫೇಲ್’ ಅಂದರೆ ಕಳಿಸುವ ಸೇವೆಯ ಹೆಸರು ನಿಮ್ಮ ದಾಖಲೆಯಲ್ಲಿಲ್ಲ. ಎಸ್‌ಪಿಎಫ್, ಡಿಕಿಮ್ ಎರಡೂ ಪಾಸ್ ಆಗಿ ಡಿಮಾರ್ಕ್ ಮಾತ್ರ ಫೇಲ್ ಆದರೆ ಸಹಿ ಬಿದ್ದಿರುವುದು ನಿಮ್ಮ ಡೊಮೈನಿನ ಹೆಸರಲ್ಲಲ್ಲ, ಆ ಸೇವೆಯವರ ಹೆಸರಲ್ಲಿ. ಅವರ ಸೆಟ್ಟಿಂಗಿನಲ್ಲಿ ‘ಡೊಮೈನ್ ಆಥೆಂಟಿಕೇಷನ್’ ಎಂಬ ಪುಟ ಹುಡುಕಿ, ಅವರು ಕೊಡುವ ದಾಖಲೆಗಳನ್ನು ಡಿಎನ್‌ಎಸ್‌ಗೆ ಸೇರಿಸಿ ಮತ್ತೊಮ್ಮೆ ಕಳಿಸಿ ನೋಡಿ.